ದಿನ ತುಂಬುವ ಹೊತ್ತು: ಹೆರಿಗೆಗೆ ಮುಂಚಿನ ಕೊನೆಯ ಆರು ವಾರ ಏನಾಗುತ್ತದೆ, ಏನು ಮಾಡಬೇಕು

ಒಂಬತ್ತಕ್ಕೆ ಬಿದ್ದ ಮೇಲೆ ಮನೆಗೆ ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಡೇಟ್ ಯಾವಾಗ ಕೊಟ್ಟಿದ್ದಾರೆ?" ಆಮೇಲೆ ಎಲ್ಲರ ಗಮನವೂ ಆ ತಾರೀಖಿನ ಮೇಲೆಯೇ. ಅದಕ್ಕೆ ಮುಂಚಿನ ವಾರಗಳು ಸುಮ್ಮನೆ ಕಾಯುವ ದಿನಗಳು ಎಂದು ಮನೆಯವರು ಅಂದುಕೊಳ್ಳುತ್ತಾರೆ, ಎಷ್ಟೋ ಸಲ ಬಸುರಿಯೂ ಹಾಗೇ ಅಂದುಕೊಳ್ಳುತ್ತಾಳೆ. ಮಗುವಿನ ಪಾಲಿಗೆ ಮಾತ್ರ 34ನೇ ವಾರದಿಂದ 40ರವರೆಗೆ ಒಂದು ವಾರವೂ ಪುರಸೊತ್ತಿಲ್ಲ. ಆದ್ದರಿಂದ ಎರಡು ವಿಷಯ ಮೊದಲೇ ಹೇಳಿಬಿಡುತ್ತೇನೆ. ವೈದ್ಯಕೀಯ ಕಾರಣವಿಲ್ಲದೆ ಹೆರಿಗೆಯನ್ನು ಮುಂಚಿತವಾಗಿ ಮಾಡಿಸಬೇಡಿ. ಮಗುವಿನ ಓಡಾಟ ಕಡಿಮೆಯಾಯಿತು ಅನಿಸಿದರೆ ಬೆಳಗಾಗಲಿ ಎಂದು ಕಾಯಬೇಡಿ. ಕೆಳಗೆ ಬರೆದಿರುವುದರಲ್ಲಿ ಹೆಚ್ಚಿನದು ಇವೆರಡರ ವಿವರವೇ.

ಮೊದಲು ವಾರದ ಲೆಕ್ಕ ಸರಿಮಾಡಿಕೊಳ್ಳಿ

ಮನೆಯಲ್ಲಿ ತಿಂಗಳ ಲೆಕ್ಕ, ಆಸ್ಪತ್ರೆಯಲ್ಲಿ ವಾರದ ಲೆಕ್ಕ. ಕೊನೆಯ ಸಲ ಮುಟ್ಟಾದ ಮೊದಲ ದಿನದಿಂದ 280 ದಿನ, ಅಂದರೆ 40 ವಾರಕ್ಕೆ ಡ್ಯೂ ಡೇಟ್ ಬರುತ್ತದೆ. ಮುಟ್ಟಾದ ತಾರೀಖಿಗೆ 9 ತಿಂಗಳು 7 ದಿನ ಕೂಡಿಸಿದರೂ ಹೆಚ್ಚುಕಡಿಮೆ ಅದೇ ದಿನ ಸಿಗುತ್ತದೆ. ಜನವರಿ 1ಕ್ಕೆ ಮುಟ್ಟಾಗಿದ್ದರೆ ಡ್ಯೂ ಡೇಟ್ ಅಕ್ಟೋಬರ್ 8. ಅದೇ ಲೆಕ್ಕದಲ್ಲಿ ಆಗಸ್ಟ್ 27ಕ್ಕೆ 34 ವಾರ ತುಂಬುತ್ತದೆ, ಸೆಪ್ಟೆಂಬರ್ 10ಕ್ಕೆ 36, ಸೆಪ್ಟೆಂಬರ್ 17ಕ್ಕೆ 37, ಅಕ್ಟೋಬರ್ 1ಕ್ಕೆ 39. ನಿಮ್ಮ ತಾರೀಖುಗಳನ್ನೂ ಹೀಗೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಮುಟ್ಟಿನ ತಾರೀಖು ಮರೆತಿದ್ದರೆ, ಅಥವಾ ಮುಟ್ಟು ಹಿಂದುಮುಂದಾಗುತ್ತಿದ್ದರೆ, ಮೊದಲ ಮೂರು ತಿಂಗಳೊಳಗೆ ಮಾಡಿಸಿದ ಸ್ಕ್ಯಾನಿಂಗಿನ ತಾರೀಖನ್ನೇ ನಂಬಬೇಕು. ಒಂಬತ್ತನೇ ತಿಂಗಳ ಸ್ಕ್ಯಾನಿಂಗ್ ವರದಿಯಲ್ಲಿ ಬೇರೆಯದೇ ತಾರೀಖು ಕಂಡು ಗಾಬರಿಯಾಗುವವರು ಬಹಳ. ಅದು ಮಗುವಿನ ಗಾತ್ರ ನೋಡಿ ಯಂತ್ರ ಹಾಕಿದ ಅಂದಾಜು. ಮೊದಲೇ ಗೊತ್ತುಮಾಡಿದ ಡ್ಯೂ ಡೇಟನ್ನು ಅದರಿಂದ ಬದಲಿಸುವುದಿಲ್ಲ.

ಸರಿಯಾಗಿ ಡ್ಯೂ ಡೇಟಿನಂದೇ ಹುಟ್ಟುವ ಮಕ್ಕಳು ನೂರಕ್ಕೆ ಐದರಷ್ಟು ಮಾತ್ರ. ವೈದ್ಯರು 37 ವಾರಕ್ಕಿಂತ ಮೊದಲು ಹುಟ್ಟಿದ ಮಗುವನ್ನು ಅವಧಿಪೂರ್ವ ಅನ್ನುತ್ತಾರೆ. 39 ವಾರ ತುಂಬಿದ ಮೇಲೆ ಹುಟ್ಟಿದ್ದನ್ನು ಪೂರ್ತಿ ದಿನ ತುಂಬಿದ ಮಗು ಅನ್ನುತ್ತಾರೆ. ನಡುವಿನ ಎರಡು ವಾರದ ಮಗು ಹೊರನೋಟಕ್ಕೆ ಪೂರ್ತಿ ಬೆಳೆದಂತೆಯೇ ಕಾಣುತ್ತದೆ. ಒಳಗಿನ ಕೆಲಸ ಇನ್ನೂ ಬಾಕಿ ಇರುತ್ತದೆ.

ಒಳಗೆ ಏನು ನಡೆಯುತ್ತಿದೆ

34 ವಾರದ ಮಗು ಎರಡು ಕಿಲೋ ದಾಟಿರುತ್ತದೆ. ಅಲ್ಲಿಂದ ವಾರಕ್ಕೆ ಸುಮಾರು 200 ಗ್ರಾಂ ಕೂಡುತ್ತಾ ಹೋಗುತ್ತದೆ. ನಮ್ಮಲ್ಲಿ ದಿನ ತುಂಬಿ ಹುಟ್ಟುವ ಮಕ್ಕಳ ತೂಕ ಸಾಮಾನ್ಯವಾಗಿ ಎರಡೂವರೆಯಿಂದ ಮೂರೂಕಾಲು ಕಿಲೋ ಇರುತ್ತದೆ. 2.5 ಕಿಲೋಗಿಂತ ಕಡಿಮೆಯಿದ್ದರೆ ಕಡಿಮೆ ತೂಕದ ಮಗು ಎಂದು ಲೆಕ್ಕ.

ತೂಕಕ್ಕಿಂತ ದೊಡ್ಡ ಸಂಗತಿ ಮಿದುಳು. 35 ವಾರದಲ್ಲಿ ಅದರ ತೂಕ ದಿನ ತುಂಬಿದಾಗ ಇರುವುದರ ಮೂರನೇ ಎರಡು ಭಾಗದಷ್ಟೇ. ಉಳಿದ ಒಂದು ಭಾಗ ಬೆಳೆಯುವುದು ಈ ನಾಲ್ಕೈದು ವಾರಗಳಲ್ಲಿ. ಶ್ವಾಸಕೋಶದ ಗಾಳಿಗೂಡುಗಳು ಉಸಿರು ಬಿಟ್ಟಾಗ ಒಂದಕ್ಕೊಂದು ಅಂಟಿಕೊಳ್ಳದಂತೆ ತಡೆಯುವ ಜಿಡ್ಡಿನಂಥ ವಸ್ತು ಬೇಕಾದಷ್ಟು ತಯಾರಾಗುವುದೂ ಈಗಲೇ. ಚರ್ಮದಡಿ ಕೊಬ್ಬು ತುಂಬುತ್ತದೆ. ಹುಟ್ಟಿದ ಮೇಲೆ ಮೈ ಬಿಸಿ ಉಳಿಸಿಕೊಳ್ಳಲು ಮಗುವಿಗೆ ಅದೇ ಆಧಾರ. ಹೀರುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಜೊತೆಗೂಡಿಸುವ ಅಭ್ಯಾಸ ಪಕ್ಕಾ ಆಗುತ್ತದೆ. ಮುಂಚೆ ಹುಟ್ಟಿದ ಮಕ್ಕಳು ಮೊಲೆ ಹಿಡಿದರೂ ಬೇಗ ದಣಿದು ನಿದ್ದೆ ಹೋಗುವುದು ಈ ಅಭ್ಯಾಸ ಸಾಲದೆ. ತಾಯಿಯ ರಕ್ತದಿಂದ ಕಬ್ಬಿಣಾಂಶ ಮತ್ತು ರೋಗನಿರೋಧಕಗಳು ಮಾಸಿನ ಮೂಲಕ ಮಗುವಿಗೆ ಹೆಚ್ಚಾಗಿ ಹೋಗುವುದೂ ಕೊನೆಯ ವಾರಗಳಲ್ಲೇ. ಈ ಕಬ್ಬಿಣದ ಕೂಡಿಟ್ಟ ಗಂಟು ಹುಟ್ಟಿದ ಮೇಲೆ ಆರು ತಿಂಗಳು ಎದೆಹಾಲಷ್ಟೇ ಕುಡಿಯುವ ಮಗುವಿಗೆ ಬೇಕು.

ಅದಕ್ಕೇ ಕಬ್ಬಿಣದ ಮಾತ್ರೆಯನ್ನು ಈಗ ಬಿಡಬೇಡಿ. ಸರ್ಕಾರದಿಂದ ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ನಿಂಬೆರಸದ ಜೊತೆ ತೆಗೆದುಕೊಂಡರೆ ಮೈಗೆ ಚೆನ್ನಾಗಿ ಹಿಡಿಯುತ್ತದೆ. ಕಾಫಿ, ಚಹಾ, ಹಾಲಿನ ಜೊತೆ ಹಿಡಿಯುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಕನಿಷ್ಠ ಎರಡು ತಾಸು ಅಂತರವಿರಲಿ. ಮಲ ಕಪ್ಪಗಾದರೆ ಹೆದರಬೇಡಿ, ಅದು ಮಾತ್ರೆಯ ಬಣ್ಣ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿದ್ದರೆ ತೀವ್ರ. ಹೆರಿಗೆಯಲ್ಲಿ ರಕ್ತ ಹೋಗುವುದು ಸಹಜ. ಮೈಯಲ್ಲಿ ಮೊದಲೇ ಕಡಿಮೆಯಿದ್ದವರಿಗೆ ಅದನ್ನು ತಾಳಿಕೊಳ್ಳುವ ಶಕ್ತಿ ಇರುವುದಿಲ್ಲ. 36ನೇ ವಾರದ ಹೊತ್ತಿಗೆ ಇನ್ನೊಮ್ಮೆ ಪರೀಕ್ಷೆ ಮಾಡಿಸಿ.

"ಜಾಸ್ತಿ ತಿಂದರೆ ಮಗು ದೊಡ್ಡದಾಗಿ ಹೆರಿಗೆ ಕಷ್ಟ" ಎಂದು ಊಟ ಕಡಿಮೆ ಮಾಡಿಸುವ ಮನೆಗಳು ಇನ್ನೂ ಇವೆ. ದಯವಿಟ್ಟು ಮಾಡಬೇಡಿ. ಒಮ್ಮೆಗೇ ಹೊಟ್ಟೆ ತುಂಬಾ ತಿಂದರೆ ಎದೆಯುರಿ ಬರುತ್ತದೆ ನಿಜ. ಸ್ವಲ್ಪ ಸ್ವಲ್ಪವಾಗಿ ಐದಾರು ಸಲ ತಿನ್ನಿ: ರಾಗಿ ಅಂಬಲಿ, ಮೊಳಕೆಕಾಳಿನ ಉಸಲಿ, ಸೊಪ್ಪಿನ ಸಾರು, ಮೊಟ್ಟೆ, ಯಾವುದು ಒಗ್ಗುತ್ತದೋ ಅದು. ಗ್ರಹಣದ ದಿನವೂ ನೀರು, ಊಟ ನಿಲ್ಲಿಸಬೇಡಿ.

ತವರಿಗೆ ಹೋಗುವವರು 36ಕ್ಕೆ ಮೊದಲೇ ಹೊರಡಿ

ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಅಮ್ಮ ಹತ್ತಿರವಿದ್ದರೆ ಬರುವ ನೆಮ್ಮದಿಗೆ ಬೆಲೆ ಕಟ್ಟಲಾಗದು. ಆದರೆ ತೊಡಕು ಇರುವುದೂ ಇಲ್ಲೇ. ಎಂಟು ತಿಂಗಳು ಬೆಂಗಳೂರಿನಲ್ಲೋ ಪುಣೆಯಲ್ಲೋ ಒಬ್ಬ ಡಾಕ್ಟರ್ ನೋಡಿರುತ್ತಾರೆ. ಕೊನೆಯ ತಿಂಗಳು ಹಾವೇರಿಗೋ ಸಾಗರಕ್ಕೋ ಹೋದಾಗ ಹೊಸ ಡಾಕ್ಟರಿಗೆ ಹಿಂದಿನದೇನೂ ಗೊತ್ತಿರುವುದಿಲ್ಲ. ಸೀಮಂತ ಮುಗಿಸಿಕೊಂಡು, ಒಳ್ಳೆ ದಿನ ನೋಡಿಕೊಂಡು, 38ನೇ ವಾರದಲ್ಲಿ ಹೊರಟು ದಾರಿಯಲ್ಲೇ ನೋವು ಕಾಣಿಸಿಕೊಂಡರೆ ಯಾವ ಆಸ್ಪತ್ರೆಗೆ ಹೋಗಬೇಕೆಂದೂ ತಿಳಿಯುವುದಿಲ್ಲ.

ಹೊರಡುವ ಮೊದಲು ಡಾಕ್ಟರ ಬಳಿ ಒಂದು ಪುಟದ ಸಾರಾಂಶ ಬರೆಸಿಕೊಳ್ಳಿ. ಡ್ಯೂ ಡೇಟ್, ರಕ್ತದ ಗುಂಪು, ಹಿಮೋಗ್ಲೋಬಿನ್, ಬಿ.ಪಿ., ಶುಗರ್, ಥೈರಾಯ್ಡ್, ಮಾಸು ಎಲ್ಲಿದೆ ಎಂಬುದು, ಹಿಂದೆ ಸಿಸೇರಿಯನ್ ಆಗಿದ್ದರೆ ಅದರ ಕಾರಣ, ಈಗ ನುಂಗುತ್ತಿರುವ ಮಾತ್ರೆ. ತಾಯಿ ಕಾರ್ಡ್ ಮತ್ತು ಎಲ್ಲ ಸ್ಕ್ಯಾನಿಂಗ್ ವರದಿಗಳನ್ನು ಒಂದೇ ಫೈಲಿನಲ್ಲಿಡಿ, ಮೊಬೈಲಿನಲ್ಲೂ ಫೋಟೋ ಇರಲಿ. ತವರಿಗೆ ಹೋದ ವಾರದಲ್ಲೇ ಅಲ್ಲಿನ ಆಸ್ಪತ್ರೆಗೆ ಹೋಗಿ ಹೆಸರು ಬರೆಸಿ, ಆಶಾ ಕಾರ್ಯಕರ್ತೆಗೂ ತಿಳಿಸಿ. ಆಸ್ಪತ್ರೆಯಲ್ಲಿ ಮೂರು ಮಾತು ಕೇಳಲೇಬೇಕು: ರಾತ್ರಿ ಹೊತ್ತು ಸಿಸೇರಿಯನ್ ಮಾಡಲು ಡಾಕ್ಟರೂ ಅರಿವಳಿಕೆ ಕೊಡುವವರೂ ಇರುತ್ತಾರಾ? ರಕ್ತ ಬೇಕಾದರೆ ಎಲ್ಲಿಂದ ತರಿಸುತ್ತಾರೆ? ಮಗುವಿಗೆ ಉಸಿರಾಟದ ತೊಂದರೆಯಾದರೆ ಎಲ್ಲಿಗೆ ಕಳಿಸುತ್ತಾರೆ? ಉತ್ತರ ಸಮಾಧಾನವಾಗದಿದ್ದರೆ ಬೇರೆ ಆಸ್ಪತ್ರೆ ನೋಡಲು ಈಗ ಸಮಯವಿದೆ.

ಕಾರಿನಲ್ಲಿ ಹೋಗುವಾಗ ಸೀಟ್ ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಮೇಲಲ್ಲ, ಹೊಟ್ಟೆಯ ಕೆಳಗೆ ಸೊಂಟದ ಮೂಳೆಯ ಮೇಲೆ ಬರಬೇಕು. ಓರೆಪಟ್ಟಿ ಎರಡು ಎದೆಯ ನಡುವೆ. ಒಂದೂವರೆ ಎರಡು ತಾಸಿಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯಿರಿ. ಹಾಗೇ ಕೂತೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯವಿದೆ. ವಿದೇಶದಿಂದ ಬರುವವರಿಗೆ ಇನ್ನೊಂದು ಮಾತು: 36 ವಾರದ ನಂತರ ವಿಮಾನದವರು ಸಾಮಾನ್ಯವಾಗಿ ಹತ್ತಿಸಿಕೊಳ್ಳುವುದಿಲ್ಲ. ಅದಕ್ಕೂ ಮುಂಚೆ ಡಾಕ್ಟರ ಪತ್ರ ಕೇಳಬಹುದು.

ದಿನಾ ಒದೆತ ಎಣಿಸಿ

ಇಡೀ ಲೇಖನದಲ್ಲಿ ಒಂದೇ ಭಾಗ ನೆನಪಿರುವುದಾದರೆ ಇದು ನೆನಪಿರಲಿ. "ದಿನ ಹತ್ತಿರ ಬಂದಾಗ ಮಗು ಸುಮ್ಮನಾಗುತ್ತದೆ, ಒಳಗೆ ಜಾಗ ಇರುವುದಿಲ್ಲವಲ್ಲ" ಎಂದು ತಿಳಿದವರೇ ಹೇಳುತ್ತಾರೆ. ಇದು ತಪ್ಪು. ಜಾಗ ಕಡಿಮೆಯಾದಂತೆ ಒದೆತದ ರೀತಿ ಬದಲಾಗುತ್ತದೆ. ಜೋರಾಗಿ ಒದೆಯುವ ಬದಲು ಹೊರಳುವುದು, ಒತ್ತುವುದು, ಮೊಣಕೈಯೋ ಮಂಡಿಯೋ ಉಬ್ಬಿ ಬಂದಂತಾಗುವುದು ಹೆಚ್ಚುತ್ತದೆ. ಸಂಖ್ಯೆ ಮಾತ್ರ ಇಳಿಯಬಾರದು.

ದಿನವೂ ಒಂದೇ ಹೊತ್ತಿಗೆ, ಊಟವಾದ ಮೇಲೆ, ಎಡಮಗ್ಗುಲಾಗಿ ಮಲಗಿ. ಮೊಬೈಲ್, ಟಿ.ವಿ. ಬದಿಗಿಡಿ. ಒದೆತ, ಹೊರಳಾಟ, ಅಲುಗಾಟ ಎಲ್ಲವನ್ನೂ ಎಣಿಸಿ, ಬಿಕ್ಕಳಿಕೆಯನ್ನು ಬಿಟ್ಟು. ಹತ್ತು ಆಗಲು ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಡಿ. ಬಹಳಷ್ಟು ಮಕ್ಕಳು ಎರಡು ತಾಸಿಗೆ ಎಷ್ಟೋ ಮೊದಲೇ ಹತ್ತು ಮುಗಿಸುತ್ತವೆ. ಹೊಟ್ಟೆಯೊಳಗೂ ಮಗು ನಿದ್ದೆ ಮಾಡುತ್ತದೆ. ಆ ನಿದ್ದೆ ಸಾಮಾನ್ಯವಾಗಿ 20ರಿಂದ 40 ನಿಮಿಷ, ಒಂದೂವರೆ ತಾಸು ದಾಟುವುದು ಅಪರೂಪ. ಎರಡು ತಾಸಾದರೂ ಹತ್ತು ಆಗದಿದ್ದರೆ ಆಸ್ಪತ್ರೆಗೆ ಹೊರಡಿ. ಹತ್ತು ಆದರೂ "ನನ್ನ ಮಗು ದಿನಾ ಹೀಗಿರುವುದಿಲ್ಲ" ಎಂದು ಮನಸ್ಸಿಗೆ ಅನಿಸಿದರೆ ಆಗಲೂ ಹೊರಡಿ. ಈ ವಿಷಯದಲ್ಲಿ ತಾಯಿಯ ಅನುಮಾನಕ್ಕೆ ಯಂತ್ರದಷ್ಟೇ ತೂಕವಿದೆ.

ತಣ್ಣೀರು, ಜ್ಯೂಸ್ ಕುಡಿದು ನೋಡೋಣ, ಸಿಹಿ ತಿಂದು ನೋಡೋಣ ಎಂದು ಗಂಟೆಗಟ್ಟಲೆ ಕಳೆಯಬೇಡಿ. ಮನೆಯಲ್ಲಿ ಎದೆಬಡಿತ ಕೇಳುವ ಯಂತ್ರ ಇಟ್ಟುಕೊಂಡವರು ಬಡಿತ ಕೇಳಿಸಿತೆಂದು ನಿಶ್ಚಿಂತರಾಗಬೇಡಿ. ಸಂಕಟದಲ್ಲಿರುವ ಮಗುವಿಗೂ ಎದೆಬಡಿತ ಇರುತ್ತದೆ. ಆಸ್ಪತ್ರೆಯಲ್ಲಿ ಹೊಟ್ಟೆಗೆ ಪಟ್ಟಿ ಕಟ್ಟಿ 20 ನಿಮಿಷದಷ್ಟು ಹೊತ್ತು ಎದೆಬಡಿತದ ಏರಿಳಿತ ಬರೆಸುತ್ತಾರೆ. ನೋವಿಲ್ಲ, ಸೂಜಿಯಿಲ್ಲ. ಎಲ್ಲ ಸರಿಯಿದ್ದರೆ ಮನೆಗೆ ಕಳಿಸುತ್ತಾರೆ. ನಾಳೆ ಮತ್ತೆ ಹಾಗೇ ಅನಿಸಿದರೆ ಮತ್ತೆ ಹೋಗಿ. ಎರಡನೇ ಸಲ ಹೋಗಲು ಸಂಕೋಚಪಟ್ಟುಕೊಳ್ಳಬೇಡಿ.

ಮಲಗುವಾಗ ಮಗ್ಗುಲಾಗಿ ಮಲಗಿ. ಅಂಗಾತ ಮಲಗಿದರೆ ಗರ್ಭಕೋಶದ ಭಾರ ಬೆನ್ನಿನ ಬದಿಯ ದೊಡ್ಡ ರಕ್ತನಾಳದ ಮೇಲೆ ಬಿದ್ದು ಮಗುವಿಗೆ ಹೋಗುವ ರಕ್ತ ಕಡಿಮೆಯಾಗಬಹುದು. ನಿದ್ದೆಯಲ್ಲಿ ಹೊರಳಿ ಅಂಗಾತವಾದದ್ದು ಎಚ್ಚರಾದಾಗ ಗೊತ್ತಾದರೆ ಮತ್ತೆ ಮಗ್ಗುಲಾಗಿ, ಅಷ್ಟೇ.

36ರ ನಂತರ ಮೈಯಲ್ಲಿ ಕಾಣುವ ಬದಲಾವಣೆ

ಚೊಚ್ಚಲ ಬಸುರಿಗೆ ಹೆರಿಗೆಗೆ ಎರಡರಿಂದ ನಾಲ್ಕು ವಾರ ಮೊದಲೇ ಮಗುವಿನ ತಲೆ ಕೆಳಗಿಳಿದು ಕೂರಬಹುದು. "ಹೊಟ್ಟೆ ಇಳಿದಿದೆ" ಎಂದು ಹಿರಿಯರು ಗುರುತಿಸುವುದು ಇದನ್ನೇ. ಉಸಿರಾಟ ಹಗುರವಾಗುತ್ತದೆ, ಎದೆಯುರಿ ತಗ್ಗುತ್ತದೆ. ಬದಲಿಗೆ ಗಳಿಗೆಗೊಮ್ಮೆ ಮೂತ್ರಕ್ಕೆ ಓಡಬೇಕು, ನಡೆಯುವಾಗ ತೊಡೆಸಂದಿನಲ್ಲಿ ಚುಳುಕ್ ಎಂದು ಮಿಂಚಿದಂಥ ನೋವು. ಎರಡನೇ ಹೆರಿಗೆಯವರಲ್ಲಿ ನೋವು ಶುರುವಾದ ಮೇಲೆಯೇ ತಲೆ ಇಳಿಯುವುದುಂಟು. ಇಳಿದಿಲ್ಲವೆಂದು ಚಿಂತೆ ಬೇಡ.

ತಲೆ ಕೆಳಗಾಗಿದೆಯೇ ಎಂದು 36ನೇ ವಾರದ ಭೇಟಿಯಲ್ಲಿ ಕೇಳಿ. ದಿನ ತುಂಬಿದಾಗ ನೂರರಲ್ಲಿ ಮೂರೋ ನಾಲ್ಕೋ ಮಕ್ಕಳು ಕುಂಡೆ ಅಥವಾ ಕಾಲು ಕೆಳಗಾಗಿ ಇರುತ್ತವೆ. ಪಳಗಿದ ವೈದ್ಯರು ಆಸ್ಪತ್ರೆಯಲ್ಲಿ ಹೊರಗಿನಿಂದ ಕೈಯಿಂದಲೇ ಮಗುವನ್ನು ತಿರುಗಿಸಲು ಪ್ರಯತ್ನಿಸಬಹುದು. ಮನೆಯಲ್ಲಿ ಹೊಟ್ಟೆ ನೀವಿ ತಿರುಗಿಸುವವರ ಕೈಗೆ ಮಾತ್ರ ಕೊಡಬೇಡಿ, ಮಾಸು ಕಿತ್ತುಬಂದರೆ ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ. ಇನ್ನು ಸ್ಕ್ಯಾನಿಂಗಿನಲ್ಲಿ "ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿದೆ" ಎಂದು ಬರೆದಿದ್ದರೆ ಕಂಗಾಲಾಗಬೇಡಿ. ಬಹಳ ಮಕ್ಕಳಿಗೆ ಹೀಗಿರುತ್ತದೆ, ಸಹಜವಾಗಿಯೇ ಹುಟ್ಟುತ್ತವೆ. ಅದೊಂದೇ ಸಿಸೇರಿಯನ್‌ಗೆ ಕಾರಣವಲ್ಲ.

ಸಂಜೆಗೆ ಪಾದ ಊದಿಕೊಂಡು ಬೆಳಿಗ್ಗೆ ಇಳಿಯುವುದು ಸಾಮಾನ್ಯ. ಮುಖ, ಕೈಬೆರಳು ಇದ್ದಕ್ಕಿದ್ದಂತೆ ಊದಿದರೆ, ಬಿಡದ ತಲೆನೋವು ಬಂದರೆ, ಕಣ್ಣು ಮಂಜಾದರೆ, ಪಕ್ಕೆಲುಬಿನ ಕೆಳಗೆ ಬಲಕ್ಕೆ ನೋವು ಬಂದರೆ ಅಂದೇ ಬಿ.ಪಿ. ನೋಡಿಸಬೇಕು. 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಬಸಿರಿನ ಏರೊತ್ತಡ, ಫಿಟ್ಸ್‌ಗೆ ತಿರುಗಬಹುದು. ಗುಳ್ಳೆ ಏನೂ ಕಾಣದೆ ಅಂಗೈ ಅಂಗಾಲು ರಾತ್ರಿ ಹೊತ್ತು ವಿಪರೀತ ತುರಿಸಿದರೆ ಎಣ್ಣೆ ಹಚ್ಚಿ ಸುಮ್ಮನಾಗದೆ ಡಾಕ್ಟರಿಗೆ ಹೇಳಿ. ಪಿತ್ತಜನಕಾಂಗದ ತೊಂದರೆ ಇರಬಹುದು, ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಸೊಂಟನೋವಿಗೆ ಮೆಡಿಕಲ್ ಅಂಗಡಿಯ ಐಬುಪ್ರೊಫೇನ್, ಡೈಕ್ಲೊಫೆನಾಕ್ ಈಗ ಖಂಡಿತ ಬೇಡ, ಮಗುವಿನ ಹೃದಯಕ್ಕೂ ಮೂತ್ರಪಿಂಡಕ್ಕೂ ಕೆಡುಕು. ಎದೆಯಿಂದ ಹಳದಿ ಹಾಲು ಜಿನುಗಿದರೆ ಒರೆಸಿಕೊಳ್ಳಿ, ಹಿಂಡಬೇಡಿ.

ಮುಹೂರ್ತದ ವಿಷಯ

ಮೂಲಾ, ಆಶ್ಲೇಷಾ ನಕ್ಷತ್ರ ತಪ್ಪಬೇಕು, ಅಮಾವಾಸ್ಯೆ ದಾಟಬಾರದು ಎಂದು ಜೋಯಿಸರಿಂದ ಗಳಿಗೆ ಬರೆಸಿಕೊಂಡು ಸಿಸೇರಿಯನ್ ಮಾಡಿಸುವುದು ಈಗ ಊರೂರಿಗೂ ಬಂದಿದೆ. ನಂಬಿಕೆಯನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಆದರೆ 37ನೇ ವಾರದಲ್ಲಿ, ನೋವೇ ಶುರುವಾಗದೆ, ಕೊಯ್ದು ತೆಗೆದ ಮಗುವಿಗೆ ಉಸಿರಾಟದ ತೊಂದರೆಯಾಗುವ ಸಾಧ್ಯತೆ 39ರಲ್ಲಿ ತೆಗೆದ ಮಗುವಿಗಿಂತ ಹೆಚ್ಚು. ಶ್ವಾಸಕೋಶದ ನೀರು ಹೀರಿಹೋಗಲು ನೋವಿನ ಹೊತ್ತಿನ ಹಾರ್ಮೋನುಗಳು ನೆರವಾಗುತ್ತವೆ. ಅದೂ ಇಲ್ಲ, ವಾರವೂ ಸಾಲದು ಎಂದಾದರೆ ಮಗು ತಾಯಿಯ ಮಡಿಲಿಗೆ ಬರುವ ಬದಲು ಗಾಜಿನ ಪೆಟ್ಟಿಗೆಗೆ ಹೋಗುತ್ತದೆ.

ಹಿಂದೆ ಸಿಸೇರಿಯನ್ ಆಗಿರುವುದು, ಮಗು ತಿರುಗದಿರುವುದು ಇಂಥ ಕಾರಣಕ್ಕೆ ಆಪರೇಷನ್ ಗೊತ್ತಾಗಿದ್ದರೆ, 39 ತುಂಬಿದ ಮೇಲೆ ಡಾಕ್ಟರು ಮೂರ್ನಾಲ್ಕು ದಿನ ಸೂಚಿಸಿದರೆ, ಅದರೊಳಗೆ ಒಳ್ಳೆ ದಿನ ಆರಿಸಿಕೊಳ್ಳಿ. ಬಿ.ಪಿ. ಏರಿದ್ದಾಗ, ಮಗುವಿನ ಎದೆಬಡಿತ ಕುಸಿದಾಗ, ಅವಳಿ ಇದ್ದಾಗ, ಶುಗರ್ ಹತೋಟಿಗೆ ಬರದಿದ್ದಾಗ ಮುಂಚಿತವಾಗಿ ಹೆರಿಗೆ ಮಾಡಿಸುವುದು ಬೇರೆ ಮಾತು. ಆಗ ರಾಹುಕಾಲ ಕಳೆಯಲಿ ಎಂದು ತಡೆಯಬಾರದು. ಬಸುರಿ ಇದನ್ನು ಒಬ್ಬಳೇ ಹಿರಿಯರೆದುರು ಹೇಳುವುದು ಕಷ್ಟ, ಗಂಡನಾದವನು ಮುಂದೆ ನಿಂತು ಹೇಳಬೇಕು.

ನೋವು ಬರಿಸಲು ಹರಳೆಣ್ಣೆ ಕುಡಿಸುವುದೂ ಬೇಡ. ಭೇದಿಯಾಗಿ ಸುಸ್ತಾಗುತ್ತದೆ, ಹೆರಿಗೆಗೆ ಬೇಕಾದ ಶಕ್ತಿಯೇ ಹೋಗುತ್ತದೆ.

ಚೀಲ, ವಾಹನ, ಜೊತೆಗಾರರು

36 ತುಂಬುವುದರೊಳಗೆ ಚೀಲ ಬಾಗಿಲ ಹತ್ತಿರ ಇರಲಿ. ಫೈಲು, ಆಧಾರ್, ರೇಷನ್ ಕಾರ್ಡ್, ಮುಂದೆ ಗುಂಡಿ ಇರುವ ನೈಟಿ, ದೊಡ್ಡ ಪ್ಯಾಡು, ಒಗೆದು ಬಿಸಿಲಿಗೆ ಒಣಗಿಸಿದ ಹಳೇ ಹತ್ತಿ ಸೀರೆಯ ತುಂಡುಗಳು, ಮಗುವಿಗೆ ಟೋಪಿ, ಕಾಲುಚೀಲ, ಫ್ಲಾಸ್ಕು, ಚಾರ್ಜರ್. ಒಡವೆ ಬೇಡ.

108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಆದರೂ ರಾತ್ರಿ ಬರಲು ಒಪ್ಪಿದ ಒಬ್ಬ ಆಟೋ ಅಥವಾ ಕಾರಿನವರ ನಂಬರ್ ಇಟ್ಟುಕೊಳ್ಳಿ. ಮಲೆನಾಡಿನಲ್ಲಿ ಮಳೆಗಾಲದಲ್ಲಿ ದಿನ ಬಂದಿದ್ದರೆ 38ರ ಹೊತ್ತಿಗೆ ಪೇಟೆಯ ನೆಂಟರ ಮನೆಗೆ ಹೋಗಿರುವುದು ಒಳ್ಳೆಯದು. 2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಸಹಜ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ, ಹೋಗಿಬರುವ ವಾಹನ ಎಲ್ಲವೂ ಉಚಿತ. ಯಾರಾದರೂ ಹಣ ಕೇಳಿದರೆ ಇದನ್ನು ಹೇಳಿ. ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ, ಮಗುವಿನದು ಪಾಸಿಟಿವ್ ಬಂದಲ್ಲಿ ಹೆರಿಗೆಯಾದ 72 ತಾಸಿನೊಳಗೆ ಆಂಟಿ-ಡಿ ಇಂಜೆಕ್ಷನ್ ಆಗಬೇಕು. ಅದು ಆಸ್ಪತ್ರೆಯಲ್ಲಿ ಸಿಗುತ್ತದೆಯೇ ಎಂದು ಈಗಲೇ ಕೇಳಿ.

ನಿಜವಾದ ನೋವು ಯಾವುದು, ಯಾವಾಗ ಹೊರಡಬೇಕು

ಕೊನೆಯ ವಾರಗಳಲ್ಲಿ ಹೊಟ್ಟೆ ಆಗಾಗ ಬಿಗಿದು ಸಡಿಲಾಗುತ್ತದೆ. ಅದು ಹುಸಿ ನೋವು. ಎದ್ದು ನಡೆದರೆ, ನೀರು ಕುಡಿದರೆ, ಮಗ್ಗುಲು ಬದಲಿಸಿದರೆ ಹೋಗಿಬಿಡುತ್ತದೆ. ನಿಜವಾದ ಹೆರಿಗೆ ನೋವು ಏನು ಮಾಡಿದರೂ ನಿಲ್ಲುವುದಿಲ್ಲ. ಸೊಂಟದಿಂದ ಹೊರಟು ಮುಂದಕ್ಕೆ ಬರುತ್ತದೆ, ಅಂತರ ಕಡಿಮೆಯಾಗುತ್ತಾ ಬರುತ್ತದೆ, ಜೋರಾಗುತ್ತಾ ಹೋಗುತ್ತದೆ. ನೋವು ಬಂದಾಗ ಹೊಟ್ಟೆ ಮುಟ್ಟಿ ನೋಡಿ: ಹಣೆಯಷ್ಟು ಗಟ್ಟಿಯಾಗಿದ್ದರೆ ಬಲವಾದ ನೋವೆಂದೇ ತಿಳಿಯಿರಿ. ಚೊಚ್ಚಲದವರು ಐದು ನಿಮಿಷಕ್ಕೊಮ್ಮೆ, ಒಂದೊಂದೂ ಒಂದು ನಿಮಿಷದಷ್ಟು, ಒಂದು ತಾಸಿನಿಂದ ಹೀಗೇ ಬರುತ್ತಿದ್ದರೆ ಹೊರಡಬೇಕು. ಆಸ್ಪತ್ರೆ ಒಂದು ತಾಸಿನ ದಾರಿಯಾದರೆ, ಅಥವಾ ಇದು ಎರಡನೇ ಹೆರಿಗೆಯಾದರೆ, ಅಷ್ಟು ಕಾಯದೆ ಹತ್ತು ನಿಮಿಷಕ್ಕೊಮ್ಮೆ ಬರುವಾಗಲೇ ಹೊರಡಿ.

ರಕ್ತದ ಎಳೆಯಿರುವ ಲೋಳೆ ಹೋದರೆ ಗರ್ಭಕೋಶದ ಬಾಯಿ ಮೆತ್ತಗಾಗಿ ತೆರೆಯಲು ಶುರುವಾಗಿದೆ ಎಂದರ್ಥ. ಅಂದೇ ಹೆರಿಗೆಯಾಗಬಹುದು, ಕೆಲವು ದಿನ ಕಳೆಯಲೂಬಹುದು. ನೀರು ಹೋದರೆ ನೋವಿಲ್ಲದಿದ್ದರೂ ಆಸ್ಪತ್ರೆಗೆ ಹೋಗಬೇಕು. ತಡವಾದಷ್ಟೂ ಸೋಂಕಿನ ಭಯ. ಮೂತ್ರವೋ ನೀರೋ ಎಂದು ಅನುಮಾನವಿದ್ದರೆ ಒಣ ಪ್ಯಾಡ್ ಇಟ್ಟು ಅರ್ಧ ತಾಸು ನೋಡಿ. ಮತ್ತೆ ಒದ್ದೆಯಾಗುತ್ತಲೇ ಇದ್ದರೆ ನೀರೇ. ಅದು ತಿಳಿಯಾಗಿರಬೇಕು. ಹಸಿರು ಅಥವಾ ಕಂದು ಬಣ್ಣವಿದ್ದರೆ ಮಗು ಒಳಗೇ ಮಲ ಮಾಡಿದೆ ಎಂದರ್ಥ, ತಕ್ಷಣ ಹೊರಡಿ.

ಲೋಳೆಯಲ್ಲದ ಕೆಂಪು ರಕ್ತ ಹರಿದರೆ, ಹೊಟ್ಟೆ ಕಲ್ಲಿನಂತಾಗಿ ಸಡಿಲವೇ ಆಗದಿದ್ದರೆ, ಫಿಟ್ಸ್ ಬಂದರೆ, ಜ್ವರ ಬಂದರೆ ಯಾವ ಅಂತರವನ್ನೂ ಎಣಿಸುತ್ತ ಕೂರಬೇಡಿ. ನೀರು ಹೋದಾಗ ಬಳ್ಳಿಯಂಥದ್ದು ಹೊರಬಂದಂತೆ ಅನಿಸಿದರೆ ಅದನ್ನು ಒಳಗೆ ತಳ್ಳಬಾರದು. ಮಂಡಿ ಮತ್ತು ಎದೆ ನೆಲಕ್ಕೆ ತಾಗುವಂತೆ, ಸೊಂಟ ಎತ್ತರವಾಗಿರುವಂತೆ ಬಾಗಿಕೊಂಡೇ ಇದ್ದು 108ಕ್ಕೆ ಕರೆ ಮಾಡಿಸಿ.

ಹೋದ ಕೂಡಲೇ ಹೆರಿಗೆಯಾಗುವುದಿಲ್ಲ. ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆದ ಮೇಲೆ 10 ಆಗುವವರೆಗೆ ಚೊಚ್ಚಲದವರಿಗೆ 12 ತಾಸಿನವರೆಗೂ ಹಿಡಿಯಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ಹೊರಗೆ ಕಾಯುವ ಮನೆಯವರು ಇದನ್ನು ತಿಳಿದಿದ್ದರೆ ಡಾಕ್ಟರನ್ನು ಆತುರಪಡಿಸುವುದಿಲ್ಲ. ಅಮ್ಮನೋ ಅಕ್ಕನೋ ಒಬ್ಬರು ಹೆರಿಗೆ ಕೋಣೆಯಲ್ಲಿ ಜೊತೆಗಿರಬಹುದೇ ಎಂದು ಕೇಳಿ.

ತಾರೀಖು ದಾಟಿದರೆ

ಅಕ್ಟೋಬರ್ 8 ದಾಟಿ 9 ಆಯಿತು, ನೋವಿಲ್ಲ. ಫೋನುಗಳು ಶುರುವಾಗುತ್ತವೆ. ಅವನ್ನು ಮನೆಯವರು ಎತ್ತಿಕೊಳ್ಳಲಿ, ನೀವು ಆಸ್ಪತ್ರೆಗೆ ಹೋಗಿ ಬನ್ನಿ. ಮಗುವಿನ ಎದೆಬಡಿತ, ಸುತ್ತಲಿನ ನೀರಿನ ಪ್ರಮಾಣ, ನಿಮ್ಮ ಬಿ.ಪಿ. ನೋಡುತ್ತಾರೆ, ಎಲ್ಲ ಸರಿಯಿದ್ದರೆ ಕೆಲವು ದಿನ ಕಾಯಬಹುದು. 41 ವಾರ, ಅಂದರೆ ನಮ್ಮ ಲೆಕ್ಕದಲ್ಲಿ ಅಕ್ಟೋಬರ್ 15, ತುಂಬಿದ ಮೇಲೆ ಕಾಯುವುದರಲ್ಲಿ ಅಪಾಯ ಹೆಚ್ಚು. ಮಾಸು ಮೊದಲಿನಷ್ಟು ಚೆನ್ನಾಗಿ ಕೆಲಸ ಮಾಡದಿರಬಹುದು. ಆಗ ಮಾತ್ರೆ, ಜೆಲ್ ಅಥವಾ ಡ್ರಿಪ್ ಕೊಟ್ಟು ನೋವು ಬರಿಸುತ್ತಾರೆ. ನೋವು ಬರಿಸಿದರೆ ಸಿಸೇರಿಯನ್ ಆಗಿಯೇ ತೀರುತ್ತದೆ ಎಂಬ ಮಾತು ಸರಿಯಲ್ಲ, ಆದರೆ ಗರ್ಭಕೋಶದ ಬಾಯಿ ಮೆತ್ತಗಾಗಲು ಒಂದು ದಿನ, ಕೆಲವರಿಗೆ ಎರಡು ದಿನ ಬೇಕಾಗಬಹುದು. ಅಷ್ಟು ದಿನಕ್ಕೆ ಆಗುವ ಬಟ್ಟೆ, ಜೊತೆಗೆ ಉಳಿಯುವವರ ಪಾಳಿ ಗೊತ್ತುಮಾಡಿಕೊಂಡೇ ಹೋಗಿ. ಅಲ್ಲಿಯವರೆಗೂ ಒದೆತ ಎಣಿಸುವುದು ನಿಲ್ಲದಿರಲಿ.